ಇನ್ನೊಂಚೂರು ನೀರು

ಬ್ಯಾಲರಾಟ್ ಊರಾಚೆ, ಟೈರಿನಂಗಡಿಯ ಹಿಂದೆ ತಗಡಿನ ಶೆಡ್ಡು.
ಇಲ್ಲಿ ನನಗೆ ಸಂಬಳ ಒಡೆಯುವುದಕ್ಕೆ.
ಅಂಗೈಯಗಲ, ಗೇಣುದ್ದ
ಕಾಂಕ್ರೀಟಿನ ಉರುಳೆಗಳು,
ತಲೆಗೊಂದು ನಂಬರು, ಹುಟ್ಟಿದ ತಾರೀಖು,
ಸುಣ್ಣದ ತಿಳಿನೀರಿನ ತೊಟ್ಟಿಯಲ್ಲಿ ಮುಳುಗಿ ದಿನ ಎಣಿಸುತ್ತವೆ.
ಜುಲೈಯಲ್ಲಿ ಹೊರಗೆ ಕಾರಿನ ಗಾಜು ಮಂಜುಗಟ್ಟಿದಾಗಲೂ
ಅವಕ್ಕೆ ಇಪ್ಪತ್ತಮೂರು ಡಿಗ್ರಿ,
ಬಾಣಂತಿಯ ಕೋಣೆ.

ಇವತ್ತು ಮುನ್ನೂರ ಹನ್ನೆರಡರ ಸರದಿ.
ಅದು ನನಗೆ ನೆನಪಿದೆ.

ಜನವರಿ ಇಪ್ಪತ್ತೊಂದು. ಬಡಗಣ ಗಾಳಿ
ಒಲೆಯ ಬಾಯಿಂದ ಎದ್ದು ಬಂದಂತೆ.
ರೈಲ್ವೆ ಗೇಟಿನಲ್ಲಿ ಸಿಕ್ಕಿಕೊಂಡ ಲಾರಿ
ಮುಕ್ಕಾಲು ಗಂಟೆ ಬಿಸಿಲಲ್ಲಿ
ಹೊಟ್ಟೆ ತಿರುವುತ್ತ ನಿಂತಿತ್ತಂತೆ.
ಬ್ರಾಂಕೊ ಇಳಿದು ಬರುವ ಹೊತ್ತಿಗೆ
ಡ್ರಮ್ಮಿನೊಳಗಿನದು ಗಂಟಲಿಗೆ ಸಿಕ್ಕ ಒಣ ಅವಲಕ್ಕಿ.

ಶಂಕು ತುಂಬಿದೆ, ಸರಳಿನಿಂದ ಕುಟ್ಟಿದೆ, ಮೆಲ್ಲಗೆ ಎತ್ತಿದೆ.
ಕುಸಿದದ್ದು ಮೂವತ್ತು ಮಿಲಿಮೀಟರು. ಬೇಕಾದ್ದು ಎಂಬತ್ತು.
ವಾಪಸು ಕಳಿಸಿ ಅನ್ನಬೇಕಿತ್ತು ನಾನು.
ಲೀಆನ್, ಫೋರ್ಮನ್, ಆಕಾಶ ನೋಡಿದಳು,
ಪಂಪಿನ ಬಾಡಿಗೆಯನ್ನು ತುಟಿಯಲ್ಲೇ ಗುಣಿಸಿದಳು,
ಎರಡು ಬೆರಳೆತ್ತಿದಳು: ಎರಡು ನಿಮಿಷ.
ಬ್ರಾಂಕೊ ಪೈಪು ಬಿಟ್ಟ.

ಎಷ್ಟು ಒಳ್ಳೆಯದಾಗಿ ಕಾಣುತ್ತದೆ ನೀರು ಆಗ!
ಜಲ್ಲಿ ಜಾರುತ್ತದೆ, ಸಲಿಕೆ ಹಗುರಾಗುತ್ತದೆ,
ಕಂಬಿಗಳ ಸಂದಿಗೆ ತಾನೇ ದಾರಿ ಹುಡುಕಿಕೊಂಡು ಹೋಗುತ್ತದೆ.
ಯಾರೋ ಸಿಳ್ಳೆ ಕೂಡ ಹಾಕಿದರು.
ಆದರೆ ಸಿಮೆಂಟು ಕುಡಿಯುವುದು
ತನ್ನ ದಾಹದಷ್ಟೇ.
ಮಿಕ್ಕ ನೀರು ಹೇಳದೆ ಕೇಳದೆ ಎದ್ದು ಹೋಗುತ್ತದೆ,
ಕೂತ ಜಾಗವನ್ನು ಖಾಲಿ ಬಿಟ್ಟು.

ಅಮ್ಮ ಇದನ್ನು ಓದಿ ತಿಳಿದವಳಲ್ಲ.
ದಾವಣಗೆರೆಯಲ್ಲೊಂದು ಟಾಕೀಸಿನ ತಾರಸಿಗೆ
ಸಿಂಬಿಯ ಮೇಲೆ ಬಾಂಡ್ಲಿ ಹೊತ್ತವಳು.
ಮೇಸ್ತ್ರಿ ಇನ್ನೊಂದು ಕೊಡ ಹುಯ್ಯಿ ಅಂದರೆ
"ಹದ ಕೆಡ್ತತಿ ಕಣಣ್ಣಾ,
ರೊಟ್ಟಿ ತಟ್ಟೋ ಕೈಗೆ ಗೊತ್ತಾಗಲ್ವಾ" ಅಂದಳಂತೆ.
ಬೈಸಿಕೊಂಡಳು. ಹುಯ್ದಳೋ ಇಲ್ಲವೋ, ಹೇಳಲಿಲ್ಲ.
ಆಮೇಲೆ ಮಣ್ಣಿನ ಬದು ಕಟ್ಟಿ, ಗೋಣಿತಾಟು ಹೊದಿಸಿ
ಬೇಡವೆಂದ ಅದೇ ನೀರನ್ನು
ಮೂರು ವಾರ ಬೆಳಿಗ್ಗೆ ಸಂಜೆ ಉಣಿಸಿದಳು.

ಉರುಳೆ ಒರೆಸಿ, ತೂಗಿ, ರಬ್ಬರಿನ ಟೊಪ್ಪಿ ತೊಡಿಸಿ
ಪ್ರೆಸ್ಸಿನೊಳಗೆ ನಿಲ್ಲಿಸಿದೆ. ಜಾಲರಿ ಬಾಗಿಲು ಹಾಕಿದೆ.
ಹತ್ತು. ಹದಿನೆಂಟು. ಇಪ್ಪತ್ತೆರಡು.
ತಾಳಿದವನು ಬಾಳಿಯಾನು ಅಂದವರು
ಇದನ್ನು ಕಂಡಿರಲಾರರು:
ಎಳೆದರೆ ಚಕ್ಕನೆ ಹರಿದುಹೋಗುವ ಈ ಜೀವ
ತುಳಿದರೆ ಮಾತ್ರ ಅವುಡುಗಚ್ಚಿ ನಿಲ್ಲುತ್ತದೆ.
ಇಪ್ಪತ್ತೈದು.
ಕಾಲಬೆರಳು ಬೂಟಿನೊಳಗೆ ನೆಲ ಹಿಡಿಯಿತು, ನನ್ನದು.
ಇಪ್ಪತ್ತಾರು ಮುಕ್ಕಾಲು.
ಟಪ್.

ಮೂವತ್ತೆರಡು ಇರಬೇಕಿತ್ತು.

ಚೂರು ಗುಡಿಸಿದೆ. ನಡುವೆ ಉಳಿದದ್ದು ಒಂದು ಡಮರುಗ,
ಮೊನೆಗೆ ಮೊನೆ ತಾಗಿದ ಎರಡು ಶಂಕು.
ಒಡೆದ ರೀತಿಯಲ್ಲಿ ಕುಂದಿಲ್ಲ.
ಯಂತ್ರವನ್ನು ದೂರುವ ಹಾಗಿಲ್ಲ.

ಲೀಆನ್‌ಗೆ ಫೋನು ಮಾಡಿದೆ. ಬಹಳ ಹೊತ್ತು
ಅವಳ ಕಡೆಯಿಂದ ಕಲ್ಲು ಕೊರೆಯುವ ಸದ್ದು ಮಾತ್ರ.
"ಇನ್ನೂ ಎರಡಿವೆಯಲ್ಲ, ಅವನ್ನೂ ನೋಡು."
ನೋಡುತ್ತೇನೆ. ಅವೂ ಅದೇ ಬಸಿರಿನವು.
ಶಿಶುವಿಹಾರದ ಗೋಡೆ ಆಗಲೇ ಕಿಟಕಿಯ ಮಟ್ಟಕ್ಕೆ ಬಂದಿದೆಯಂತೆ.

ಜನವರಿಯ ಹಾಳೆ ತೆಗೆದೆ.
"ಸೈಟಿನಲ್ಲಿ ಸೇರಿಸಿದ ನೀರು" ಎಂಬ ಚೌಕದಲ್ಲಿ
ನನ್ನ ಕೈಯ ಒಂದು ಅಡ್ಡಗೀಟು,
ಸ್ಕೇಲಿಟ್ಟು ಎಳೆದಷ್ಟು ನೇರ.

ಪಕ್ಕದಲ್ಲಿ ಇವತ್ತಿನ ತಾರೀಖು ಹಾಕಿ ಬರೆದೆ:
ಸುಮಾರು ನೂರಿಪ್ಪತ್ತು ಲೀಟರು.
ಶಂಕು ನನ್ನ ಕೈಯಲ್ಲಿತ್ತು.
ಮತ್ತೆ ಅಳೆಯಲಿಲ್ಲ.