ಕಾಲು ಸುತ್ತು

ಮೊದಲು ಗೊತ್ತಾದದ್ದು ಮೂಗಿಗೆ.
ಪಾವಗಡ ರಸ್ತೆಯ ಹಂಪ್ ಮೇಲೆ
ಅಂಗನವಾಡಿಯ ಗಂಗರತ್ನ ಕ್ಲಚ್ಚು ತುಳಿದು
ಫಸ್ಟಿಗೂ ಥರ್ಡಿಗೂ ನಡುವೆ ಎಲ್ಲೋ ಸಿಕ್ಕಿಕೊಂಡು
"ಮೇಡಂ, ಯಾರೋ ಬೋಂಡ ಕರೀತಾವ್ರೆ" ಅಂದಳು.
ಕರೆಯುತ್ತಿದ್ದದ್ದು ನನ್ನ ಕಾರೇ.

ತೊಂಬತ್ತೆಂಟರ ಮಾರುತಿ ಎಂಟುನೂರು.
ನೆತ್ತಿಗೆ ಹಳದಿ ಹಲಗೆ, ಕಾಲ ಬಳಿ ಎರಡು ಜೊತೆ ಪೆಡಲು,
ಮಧುಗಿರಿಯ ಮುನ್ನೂರು ಹೆಂಗಸರ
ಮೊದಲ ಬ್ರೇಕು ತಿಂದ ಮೈ.
ಬಾನೆಟ್ ಎತ್ತಿದರೆ ಟ್ಯಾಪೆಟ್ ಕವರಿನ ಅಂಚಿಂದ
ಎಣ್ಣೆ ಜಿನುಗಿ, ಧೂಳು ಕುಡಿದು, ಕಪ್ಪು ಹಲ್ವವಾಗಿ
ಕಾದ ಸೈಲೆನ್ಸರ್ ಬಾಯಿಗೆ
ತೊಟ್ಟು. ಇನ್ನೊಂದು ತೊಟ್ಟು. ಹೊಗೆ.

ಎರಡು ವರ್ಷದಿಂದ ನನಗೆ ಗೊತ್ತಿದ್ದದ್ದು ಒಂದೇ ಔಷಧಿ:
ಸೋರಿದಾಗೆಲ್ಲ ಇನ್ನಷ್ಟು ಬಿಗಿಯುವುದು.

ಭಾನುವಾರ ಪ್ಯಾರೇಜಾನ್ ಸಾಬರನ್ನು ಕರೆತಂದೆ.
ಸಕ್ಕರೆ ಕಾಯಿಲೆ ಕಣ್ಣು ತಿಂದು, ಗ್ಯಾರೇಜು ಮುಚ್ಚಿ ಆರು ವರ್ಷ.
ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು
ಸಪ್ಪೆ ಟೀ ಊದುತ್ತ ಹೇಳಿದರು:
"ಬಿಚ್ಚೋದು ಕಳ್ಳನೂ ಬಿಚ್ತಾನಮ್ಮ.
ಯಾವುದು ಎಲ್ಲಿಂದ ಬಂತು, ಅದನ್ನ ನೆನಪಿಡು."
ಅಡುಗೆಮನೆಯ ಇಡ್ಲಿ ತಟ್ಟೆ ತಂದು
ಒಂದೊಂದು ಗುಳಿಗೆ ಒಂದೊಂದು ಬೋಲ್ಟು ಕೂರಿಸಿದೆ.

ಕವರು ಎದ್ದಿತು. ಒಳಗೆ ರಾಕರುಗಳ ಸಾಲು,
ಜೇನುಬಣ್ಣದಲ್ಲಿ ಮಿಂದು, ಸುಮ್ಮನೆ.
ಹದಿನಾಲ್ಕು ವರ್ಷ "ಮೆಲ್ಲಗೆ, ಮೆಲ್ಲಗೆ" ಎಂದು ನಾನು ಕೂಗುವಾಗ
ಕೂಗಿನ ಕೆಳಗೆ ಕುಣಿಯುತ್ತಿದ್ದವರು ಇವರು;
ಮುಖ ನೋಡಿದ್ದು ಇವತ್ತೇ.

ಹಳೇ ಪ್ಯಾಕಿಂಗು ಹಪ್ಪಳದಂತೆ ಮುರಿಯಿತು.
ಅದರಡಿ ಕೆಂಪು ಗಮ್ಮು, ಅದರಡಿ ಬೂದು ಗಮ್ಮು,
ಯಾರ್ಯಾರೋ ಅವಸರದಲ್ಲಿ ಹೇಳಿಹೋದ ಸುಳ್ಳುಗಳು.
"ಚಾಕು ಬೇಡ, ಅಲ್ಯುಮಿನಿಯಂ ತಲೆ, ಗೀರು ಬೀಳತ್ತೆ."
ರಾಕರುಗಳಿಗೆ ಬಟ್ಟೆ ಹೊದಿಸಿ
ಅವಧಿ ಮುಗಿದ ಎಟಿಎಂ ಕಾರ್ಡಿನಿಂದ ಕೆರೆದೆ.
ಸೀಮೆಎಣ್ಣೆ ಹಾಕಿ ಒರೆಸಿದೆ. ಹೊಳೆಯಿತು.
ಮುಗೀತು ಅಂದೆ.

ಅವರು ಎದ್ದು ಬಂದು
ತೋರುಬೆರಳನ್ನು ಅಂಚಿನುದ್ದಕ್ಕೂ ನಡೆಸಿದರು,
ಪರಿಚಯದ ಓಣಿಯಲ್ಲಿ ನಡೆದ ಹಾಗೆ.
ಹಿಂಬದಿಯ ಮೂಲೆಯಲ್ಲಿ ಬೆರಳು ನಿಂತಿತು.
"ಇಲ್ಲೊಂದು ರಾಗಿ ಕಾಳು."
ಬಗ್ಗಿ ನೋಡಿದೆ. ಕಾಣಲಿಲ್ಲ. ಕೆರೆದೆ. ಇತ್ತು.

ಆಮೇಲೆ ಕವರನ್ನು ಜಗಲಿಯ ಕಡಪಾ ಕಲ್ಲಿನ ಮೇಲೆ ಬೋರಲಿಟ್ಟು
ಅಂಗೈಯಲ್ಲಿ ಒತ್ತಿದರು. ಟಕ್. ಟಕ್.
ತೂಗುತ್ತಿತ್ತು, ಕುಂಟು ಕಾಲಿನ ಮಣೆಯಂತೆ.
"ಇದು ಬಗ್ಗಿದೆ. ಬಗ್ಗಿಸಿದ್ದು ಯಾರು ಗೊತ್ತಾ?"
ಗೊತ್ತಿತ್ತು. ಟೀ ಲೋಟ ತೊಳೆಯಲು ಒಳಗೆ ಹೋದೆ.

ಅಂಗಳದಿಂದ ಬೆಟ್ಟ ಕಾಣುತ್ತದೆ.
ಅಷ್ಟು ದೊಡ್ಡ ಒಂಟಿಕಲ್ಲು,
ಮಳೆ ನಿಂತು ಎಷ್ಟೋ ದಿನ ಅದೂ ಜಿನುಗುತ್ತಿರುತ್ತದೆ;
ಯಾರೂ ಸ್ಪ್ಯಾನರು ಹಿಡಿದು ಹತ್ತುವುದಿಲ್ಲ.

ಮರದ ತುಂಡಿಟ್ಟು ತಟ್ಟಿ ತಟ್ಟಿ ಅಂಚು ಸರಿಮಾಡಿ
ತುಮಕೂರಿಂದ ಬಸ್ಸಲ್ಲಿ ಬಂದ ಹೊಸ ಪ್ಯಾಕಿಂಗು ಕೂರಿಸಿ
ಇಡ್ಲಿ ತಟ್ಟೆಯಿಂದ ಒಂದೊಂದಾಗಿ ಎತ್ತಿ ಕೊಟ್ಟರು.
"ಬೆರಳಿಗೆ ನಿಲ್ಲೋ ತನಕ ಬೆರಳು.
ಆಮೇಲೆ ಹತ್ತರ ಸ್ಪ್ಯಾನರು. ನಡುವಿಂದ ಶುರು, ಎದುರುಬದುರು.
ಬರೀ ಕಾಲು ಸುತ್ತು."

ಕಾಲು ಸುತ್ತು ಸುತ್ತಿದೆ.
ಕೈ ಕೇಳಲಿಲ್ಲ. ಅದರದ್ದೂ ತಪ್ಪಿಲ್ಲ,
ಪಕ್ಕದ ಸೀಟಿನಲ್ಲಿ ಕೂತು ಕೂತು
ಯಾರ ಕಾಲನ್ನೂ ನಂಬದ ಮೈ ನನ್ನದು.
ಇನ್ನೊಂಚೂರು ಅಂತ ಮಣಿಕಟ್ಟು ತಿರುಗುವ ಮೊದಲೇ
"ಸಾಕು" ಅಂದರು, ಕಣ್ಣು ರಸ್ತೆಯ ಕಡೆಗಿದ್ದ ಹಾಗೇ.
ಹೇಗೆ ತಿಳಿಯಿತು ಅಂದೆ.
"ನಿನ್ನ ಉಸಿರು ನಿಂತಿತ್ತು."

ಸೋಮವಾರ ಅದೇ ಹಂಪ್. ಗಂಗರತ್ನ ಇಂಜಿನ್ ಆಫ್ ಮಾಡಿಕೊಂಡಳು.
ಹಿಂದೆ ಬೆಲ್ಲದ ಟೆಂಪೋ ಹಾರ್ನು.
ನನ್ನ ಪೆಡಲಿನ ಮೇಲೆ ನನ್ನ ಕಾಲು, ತುಳಿಯದೆ.
ಅವಳೇ ಕೀ ತಿರುಗಿಸಿದಳು.
"ಬೋಂಡದಂಗಡಿ ಎತ್ತಿಬಿಟ್ರಾ ಮೇಡಂ?"

ಕಾರಿನಡಿ ಹಾಸಿದ್ದ ಬಿಸ್ಕತ್ತಿನ ರಟ್ಟನ್ನು
ಸಂಜೆ ಎಳೆದು ನೋಡಿದೆ.
ಕವರಿನ ಕಡೆ ಒಣಗಿತ್ತು.
ಎಡಗಡೆ, ಡಿಸ್ಟ್ರಿಬ್ಯೂಟರಿನ ಕೆಳಗೆ,
ಎಂಟಾಣೆಯಷ್ಟಗಲ ಹೊಸ ಕಲೆ.

ಫೋನು ಮಾಡಿದೆ. ನಕ್ಕರು ಮುದುಕರು,
ಕೆಮ್ಮು ಬರುವವರೆಗೂ ನಕ್ಕರು.
"ಅದು ಒಳಗಿನ ರಿಂಗು. ಬರೋ ಭಾನುವಾರ."

ಇಡ್ಲಿ ತಟ್ಟೆ ಡಿಕ್ಕಿಯಲ್ಲೇ ಇದೆ.