ಕರಗಿದ ಬಾಬ್ತು

ಕಂಟೋನ್ಮೆಂಟ್ ಸ್ಟೇಷನ್ ಎದುರು ಸಿಗ್ನಲ್ಲು ಕೆಟ್ಟಿತ್ತು.
ಮಸ್ತಾನ್ ಸಾಬರು ಆಟೋ ಆಫ್ ಮಾಡಿ
ಹಿಂದಕ್ಕೆ ತಿರುಗಿ ಕೇಳಿದರು:
"ಹೆಂಗಿತ್ತು ಲೆಕ್ಕದಮ್ಮ, ನಿಮ್ಮ ಐಸು?"

ಫ್ಯಾಕ್ಟರಿ ಮುಚ್ಚಿದಾಗ ಕೈಗೆ ಬಂದ ದುಡ್ಡಲ್ಲಿ
ಅವರು ಈ ಆಟೋ ತಗೊಂಡರು,
ಕ್ರೇನಿನ ಪೆರುಮಾಳು ಮಗಳ ಮದುವೆ ಮಾಡಿದ,
ಅಮೋನಿಯಾ ಕುಡಿದು ಕುಡಿದು ಕೆಮ್ಮುತ್ತಿದ್ದ ಲಿಂಗಪ್ಪ
ಬಂದದ್ದನ್ನೆಲ್ಲ ಡಾಕ್ಟರಿಗೇ ಕೊಟ್ಟ.
ಮೂವತ್ತೊಂದು ವರ್ಷ ಗಾಜಿನ ಗೂಡಲ್ಲಿ ಕೂತು
ಮಂಜುಗಡ್ಡೆಯ ಜಮಾಖರ್ಚು ಬರೆದ ನಾನು
ಮಂಜುಗಡ್ಡೆ ನೋಡಲಿಕ್ಕೆ ಹೋದೆ.
'ನೆಲಮಂಗಲದ ಹತ್ತಿರ ಒಂದು ಸೈಟಾದರೂ ತಗೋ' ಅಂದಿದ್ದಳು ತಂಗಿ.
ಇನ್ನೂ ಮಾತು ಬಿಟ್ಟಿದ್ದಾಳೆ.

ಹಡಗಿನ ಏಳನೇ ಮಹಡಿ, ಮುಂಜಾನೆ ಐದೂವರೆ.
ಎರಡು ಸ್ವೆಟರು, ಮೇಲೆ ಹಡಗಿನವರದೇ ಕೆಂಪು ಕಂಬಳಿ.
ಚಿಮಣಿ ಬೆನ್ನ ಹಿಂದೆ ಕರ್ರಗೆ ಉಸಿರು ಬಿಡುತ್ತಿತ್ತು.
ಎದುರಿಗೆ, ಬೆಟ್ಟಗಳ ಸಂದಿಯಲ್ಲಿ
ಯಾರೂ ಅಚ್ಚು ಹಾಕದ,
ಯಾರೂ ಕೊಯ್ದು ಕೊಡದ ಐಸು.

ನೀಲಿ, ಸಾಬರೇ.
ಬಿಳೀ ಪಂಚೆ ಜಾಲಿಸಿದ ಬಕೆಟ್ಟಿನ
ಕೊನೆಯ ನೀರು ಇರುತ್ತದಲ್ಲ, ಆ ನೀಲಿ.
ನಮ್ಮ ಬ್ಲಾಕಿನ ಹೊಟ್ಟೆಯಲ್ಲಿ ಒಡೆದ ಹಾಲಿನಂಥ ಎಳೆ ಇರುತ್ತಿತ್ತು,
ಗಿರಾಕಿ ತಕರಾರು ತೆಗೆಯುತ್ತಿದ್ದ, ಗಾಳಿ ಹೊಕ್ಕಿದೆ ಎಂದು.
ಇಲ್ಲಿ ಭಾರಕ್ಕೆ ಗಾಳಿಯೂ ಕುಗ್ಗಿ ಕೂತಿತ್ತು.

ಮೊದಲು ಬಿದ್ದದ್ದು ಕಂಡಿತು.
ಎಷ್ಟೋ ಹೊತ್ತಿನ ಮೇಲೆ ಸದ್ದು ಬಂತು.
ನೀವು ಡಬ್ಬವನ್ನು ತೊಟ್ಟಿಯ ನೀರಿಗದ್ದಿ ಓರೆ ಮಾಡುವಾಗ
ಜಾರುವ ಮುಂಚೆ ಒಳಗೊಳಗೇ
ಲಟಕ್ ಅನ್ನುತ್ತಿತ್ತಲ್ಲ,
ಅದೇ. ಆದರೆ ಬೆಟ್ಟದಷ್ಟು.
ಜನ ಚಪ್ಪಾಳೆ ತಟ್ಟಿದರು.
ನನ್ನ ಕೈಯೂ ಎದ್ದಿತ್ತು, ಸುಳ್ಳು ಯಾಕೆ ಹೇಳಲಿ.

ಇದಿಷ್ಟು ಅವರಿಗೆ ಹೇಳಿದ್ದು.
ಹೇಳದೆ ಉಳಿದದ್ದು ಲೆಡ್ಜರಿನ ಮಾತು:
ಶಿವಾಜಿನಗರದ ಮೀನಿಗೆ ಹನ್ನೆರಡು ಬ್ಲಾಕು,
ಛತ್ರದ ಜ್ಯೂಸಿಗೆ ಮೂರು,
ಸಾವಿನ ಮನೆಗೆ ನಾಲ್ಕು.
ಅದಕ್ಕೆ ಚೌಕಾಸಿಯಿಲ್ಲ, ರಾತ್ರಿ ಎರಡಕ್ಕೂ ಗೇಟು ತೆಗೆಯಬೇಕು.
ಯಾರೋ ಒಬ್ಬರು ಬರಬೇಕಿರುತ್ತಿತ್ತು,
ಮಸ್ಕತ್ತಿನಿಂದಲೋ, ಬಸ್ಸು ತಪ್ಪಿದ ಬಳ್ಳಾರಿಯಿಂದಲೋ.
ಅವರು ಬರುವ ತನಕ ಐಸು.

ಆ ಬೆಳಗ್ಗೆ ಕಂಬಳಿ ಹೊದ್ದು ನಿಂತವಳಿಗೆ
ಇಷ್ಟೊಂದು ಐಸು ಕಂಡು ಅಭ್ಯಾಸಬಲದಿಂದ
ಒಂದು ಅವಲಕ್ಷಣದ ಯೋಚನೆ ಬಂತು:
ಮಲಗಿಸಿರುವುದು ಯಾರನ್ನು?
ಬರಬೇಕಾದವರು ಇನ್ನೂ ಎಷ್ಟು ದೂರ?

ಆಮೇಲೆ ಗೋವೆಯ ಹುಡುಗ, ಎದೆಯ ಮೇಲೆ ಸಾವಿಯೊ ಅಂತ ಹೆಸರು,
ಬಲೆ ಹಾಕಿ ಎತ್ತಿದ ಒಂದು ಚೂರನ್ನು ಬಟ್ಟಲಲ್ಲಿ ತಂದ.
ಎಲ್ಲರೂ ಅದನ್ನು ಗ್ಲಾಸಿಗೆ ಹಾಕಿಸಿಕೊಂಡರು.
ನಾನು ಬಾಯಿಗೇ ಇಟ್ಟೆ.
ಉಪ್ಪಿಲ್ಲ, ಸಿಹಿಯಿಲ್ಲ.
ಒಗ್ಗರಣೆಯ ಸಾಸಿವೆಯ ಹಾಗೆ
ನಾಲಗೆಯ ಮೇಲೆ ಚಿಟಚಿಟ ಸಿಡಿಯಿತು.
ಯಾವ ಕಾಲದ ಗಾಳಿಯೋ,
ಹೊರಗೆ ಬಂದದ್ದು ನನ್ನ ಬಾಯೊಳಕ್ಕೆ.
ಉಗುಳುವುದೋ ನುಂಗುವುದೋ ತಿಳಿಯದೆ ನಿಂತೆ,
ಅಷ್ಟರಲ್ಲಿ ಅದೇ ಹೋಗಿತ್ತು.

"ಲಾಸು ಎಷ್ಟು ದಿನಕ್ಕೆ?" ಸಾಬರು ಕೇಳಿದರು.
ಕಸುಬಿನವರು. ಕೇಳಲೇಬೇಕಾದದ್ದು.
ನಮ್ಮಲ್ಲಿ ನೂರಕ್ಕೆ ಎಂಟು, ಏಪ್ರಿಲ್ಲಿನಲ್ಲಿ ಹನ್ನೆರಡು.
'ಕರಗಿದ ಬಾಬ್ತು' ಎಂದು ಕೆಂಪು ಶಾಯಿಯಲ್ಲಿ ಬರೆದು
ಸಂಜೆ ಸಾಹುಕಾರರ ರುಜು ಹಾಕಿಸುತ್ತಿದ್ದೆ,
ಒಂದು ದಿನವೂ ಬಿಟ್ಟವಳಲ್ಲ.
ಹಡಗಿನ ಗೈಡು ಮೈಕಿನಲ್ಲಿ ಅಂಕಿ ಹೇಳಿದ್ದ.
ಸೊನ್ನೆಗಳು ಜಾಸ್ತಿಯಿದ್ದವು, ಬರೆದುಕೊಳ್ಳಲಿಲ್ಲ.
"ಗೊತ್ತಿಲ್ಲ" ಅಂದೆ.
"ಅಲ್ಲಿ ರುಜು ಹಾಕೋರು ಯಾರು?" ಅಂತ ನಕ್ಕರು.

ಹಿಂದಿನಿಂದ ಹಾರನ್ನು. ಆಟೋ ಹೊರಟಿತು.
ಬಲಗೈ ಹ್ಯಾಂಡಲ್ಲಿನ ಮೇಲೆ, ಎಡಗೈ ಸುಮ್ಮನೆ ಹೋಗಿ
ಗೋಣಿ ಹೊದ್ದು ಬ್ಲಾಕು ಹೊತ್ತ ಹೆಗಲನ್ನು ತಿಕ್ಕಿತು.
ಬಿಸಿಲು ನೆತ್ತಿಯ ಮೇಲಿತ್ತು.
ಬೆನ್ಸನ್ ಟೌನಿನಲ್ಲಿ ಇಳಿದಾಗ ಮೀಟರು ಎಪ್ಪತ್ತೆಂಟು.
ಎಣಿಸಿ ಕೊಟ್ಟೆ.
ಎಣಿಸಿಯೇ ಇಟ್ಟುಕೊಂಡರು.