ಚಕ್ಕುಬಂದಿ

ಅಂಕಾರಾದ ಭೂದಾಖಲೆ ಕಚೇರಿಯಲ್ಲಿ
ಇಪ್ಪತ್ತೆಂಟು ವರ್ಷ ಅದನ್ನೇ ಬರೆದೆ:
ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಇಂಥವರ ಗೋಡೆ,
ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ತಕರಾರು.
ಈಗ ಫಿನಿಕೆಯ ಬಂದರಿನಲ್ಲಿ ಒಂಬತ್ತು ಮೀಟರಿನ ದೋಣಿ,
ಅದರೊಳಗೆ ಒಂದು ಒಲೆ, ಒಂದು ಹಾಸಿಗೆ,
ತಲೆ ಬಗ್ಗಿಸಿ ಏಳಬೇಕೆಂಬುದನ್ನು ದಿನಾ ಮರೆಯುವ ನಾನು.

ಮೊದಲ ವಾರ ಯಾರ ಮುಖವನ್ನೂ ಸರಿಯಾಗಿ ನೋಡಲಿಲ್ಲ.
ನೋಡಿದ್ದು ಹಗ್ಗಗಳನ್ನು.
ಪೂರ್ವದವನದು ಮಾಸಿದ ನೀಲಿ; ಉಜ್ಜುವ ಕಡೆಯೆಲ್ಲ
ಹಳೇ ಪೈಪಿನ ತುಂಡು ತೊಡಿಸಿದ್ದಾನೆ,
ಕೂಸಿಗೆ ಕಾಲುಚೀಲ ತೊಡಿಸಿದ ಹಾಗೆ.
ಪಶ್ಚಿಮದವಳದು ಕಟ್ಟೆಯ ಮೇಲೆ ಸುತ್ತಿಟ್ಟ ಚಕ್ಕುಲಿ,
ಒಂದು ಸುತ್ತೂ ಆಚೀಚೆ ಇಲ್ಲ.
ನನ್ನ ಗಂಟು ನೋಡಿ ಅವರೇನಂದುಕೊಂಡರೋ,
ಎರಡನೇ ಬೆಳಿಗ್ಗೆ ಯಾರೋ ಅದನ್ನು ಬಿಚ್ಚಿ
ನೆಟ್ಟಗೆ ಕಟ್ಟಿದ್ದರು.
ಆಮೇಲೆ ಕೇಳಿದಾಗ ಇಬ್ಬರೂ ಇನ್ನೊಬ್ಬರತ್ತ ಕೈ ತೋರಿಸಿದರು.

ಇಲ್ಲಿ ಕಿವಿ ಗೋಡೆಗಲ್ಲ, ನೀರಿಗೆ.
ಜೆವ್ದೆತ್ ಕಟ್ಟೆಗೆ ಕಾಲಿಟ್ಟರೆ
ನನ್ನ ಚಹಾ ಒಂದು ಸಲ ತುಳುಕುತ್ತದೆ.
ರಾತ್ರಿ ಮೂರಕ್ಕೆ ಹೈಡ್ರುನಳ ಪಂಪು ಗುಟುಗುಟು ಎಂದರೆ
ಅವಳಿಗೆ ನಿದ್ದೆಯಿಲ್ಲ ಎಂದರ್ಥ. ಕೇಳಿಸಿಕೊಂಡ ನನಗೂ ಇಲ್ಲ.
ಬೆಳಿಗ್ಗೆ ಇಬ್ಬರೂ ಹವಾಮಾನದ ಬಗ್ಗೆ ಮಾತಾಡುತ್ತೇವೆ.

ಊರಿಗೆ ಬಂದವಳು ನೀರಿಗೆ ಬಾರಳೇ ಎನ್ನುವುದುಂಟು.
ನನ್ನದು ತಿರುಗುಮುರುಗು: ನೀರಿಗೆ ಬಂದವಳು
ಶನಿವಾರ ಊರಿಗೆ ಹೋಗಲೇಬೇಕು, ಸಂತೆಗೆ.
ಹದಿನಾಲ್ಕು ದೋಣಿಗೆ ಒಂದೇ ತಳ್ಳುಗಾಡಿ,
ಅದಕ್ಕೊಂದು ಕುಂಟುಗಾಲಿ.
ಅದರ ಕಿರುಗುಟ್ಟುವಿಕೆ ಕೇಳಿದರೆ ತಲೆಗಳು ಮೇಲೇಳುತ್ತವೆ:
ಯಾರು? ಏನು ತಂದರು? ಗ್ಯಾಸೋ, ಕಿತ್ತಳೆಯೋ?
ಬ್ರಿಟನಿಯವರ ಮಗಳು ಮಾಯ್ಲಿಸ್, ಒಂಬತ್ತು ವರ್ಷ,
ಮುಂಗೈಯಲ್ಲಿ ಮೂಗೊರೆಸಿಕೊಂಡು ಸುದ್ದಿ ತಂದಳು:
"ಹೈಡ್ರುನ್ ಸೂಪಿಗೆ ಕರೆದಿದ್ದಾಳೆ.
ಬಟ್ಟಲು ನೀನೇ ತರಬೇಕಂತೆ."

ಬಟ್ಟಲು ಒಯ್ದೆ. ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತೆವು.
ಜೆವ್ದೆತನ ದೋಣಿಗೆ ಎಂಜಿನ್ನೇ ಇಲ್ಲವೆಂದು
ಆ ರಾತ್ರಿ ಗೊತ್ತಾಯಿತು.
ಹನ್ನೊಂದು ಚಳಿಗಾಲದಿಂದ ಅದು ಇಜ್ಮಿರಿನ ಯಾವುದೋ ಷೆಡ್ಡಿನಲ್ಲಿ
ಬಿಡಿಬಿಡಿಯಾಗಿ ಬಿದ್ದಿದೆ.
"ಬರುವ ವಸಂತಕ್ಕೆ," ಎಂದ, ರೊಟ್ಟಿ ಮುರಿಯುತ್ತ.
ಯಾರೂ ನಗಲಿಲ್ಲ.
ಹೈಡ್ರುನ್ ಅವನ ಬಟ್ಟಲಿಗೆ ಇನ್ನೊಂದು ಸೌಟು ಹಾಕಿದಳು.

ದೋಣಿಗೆ ಬಾಗಿಲಿಲ್ಲ; ಬರುವವರು ಪಕ್ಕೆಗೆ ತಟ್ಟಿ
"ಬರಲೇ" ಎನ್ನುತ್ತಾರೆ. ಅದೊಂದೇ ಕಾನೂನು.
ಜನವರಿಯಲ್ಲಿ ಲೋದೋಸ್ ಎದ್ದ ರಾತ್ರಿ,
ದಕ್ಷಿಣದ ಗಾಳಿ ನೂರು ಕಂಬಗಳಲ್ಲಿ ಊಳಿಡುವಾಗ,
ತಟ್ಟದೆ, ಕೇಳದೆ, ನನ್ನ ಅಟ್ಟದ ಮೇಲೆ ಹೆಜ್ಜೆಗಳು.
ಪೈಜಾಮದಲ್ಲಿ ಜೆವ್ದೆತ್, ಹಲ್ಲಿನಲ್ಲಿ ಟಾರ್ಚು ಕಚ್ಚಿ;
ಎಪ್ಪತ್ತೆರಡರ ಹೈಡ್ರುನ್ ಮಂಡಿಯೂರಿ
ತನ್ನದೊಂದು ಫೆಂಡರನ್ನು ನನ್ನ ಪಕ್ಕೆಗೆ ತುರುಕುತ್ತಿದ್ದಾಳೆ.
ಕಚೇರಿಯ ಭಾಷೆಯಲ್ಲಿ ಇದು ಅತಿಕ್ರಮ ಪ್ರವೇಶ.
ನಾನು ಹಗ್ಗದ ತುದಿ ಹಿಡಿದುಕೊಂಡೆ.
ಹಿಡಿ ಅಂದಾಗ ಹಿಡಿದೆ, ಬಿಡು ಅಂದಾಗ ಬಿಟ್ಟೆ.

ಏಪ್ರಿಲಿನಲ್ಲಿ ಊರೆಲ್ಲ ಕಿತ್ತಳೆಹೂವಿನ ವಾಸನೆ.
ಹೈಡ್ರುನ್ ಕ್ರೀಟಿಗೆ ಹೊರಟಳು.
ಕಟ್ಟೆಯ ಮೇಲೆ ನಿಂತು ಹಗ್ಗ ಬಿಚ್ಚಿಕೊಟ್ಟವನು ಜೆವ್ದೆತ್,
ಪ್ರತಿವರ್ಷ ಎಲ್ಲರಿಗೂ ಬಿಚ್ಚಿಕೊಡುವವನು ಅವನೇ.
ಕೈ ಬೀಸಲಿಲ್ಲ. ಒದ್ದೆ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.
ಅವಳಿದ್ದ ಜಾಗದಲ್ಲಿ ನೀರು
ಒಂದು ನಿಮಿಷವೂ ಗುರುತು ಇಟ್ಟುಕೊಳ್ಳಲಿಲ್ಲ;
ಮೀನಿನ ಮರಿಗಳು ಆಗಲೇ ಬಂದುಬಿಟ್ಟಿದ್ದವು.
ಫೆಂಡರು ಮಾತ್ರ ಇನ್ನೂ ನನ್ನ ಪಕ್ಕೆಯಲ್ಲಿ ತೂಗುತ್ತಿದೆ.
ಮರೆತಳೋ, ಬಿಟ್ಟಳೋ.

ಸಂಜೆ ಹಳೇ ಚಾಳಿಗೆ ಕಾಗದ ತೆಗೆದೆ.
ಶಾಯಿ ಬೇಡ, ಪೆನ್ಸಿಲು ಸಾಕು.
ಪೂರ್ವಕ್ಕೆ ಜೆವ್ದೆತ್, ಎಂಜಿನ್ ಇಲ್ಲ.
ಉತ್ತರಕ್ಕೆ ಕಟ್ಟೆ ಮತ್ತು ಕುಂಟುವ ತಳ್ಳುಗಾಡಿ.
ಪಶ್ಚಿಮಕ್ಕೆ ಸದ್ಯ ಮೀನು.
ದಕ್ಷಿಣಕ್ಕೆ
ಗಾಳಿ ನೋಡಿ ಹೇಳಬೇಕು.